ಜ್ವರ, ಸೆಳವು ಮತ್ತು ಸೊಂಟದ ಸೂಜಿ

ಜ್ವರ ಏರಿದ ಮಗು ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದು ಅದುರಿದರೆ ಹಳ್ಳಿಗಳಲ್ಲಿ ಬಾಲಗ್ರಹ ಎನ್ನುತ್ತಿದ್ದರು. ವೈದ್ಯರಿಗೆ ಇದು ಜ್ವರಸೆಳವು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 2ರಿಂದ 5 ಮಂದಿಗೆ ಇದು ಬರುತ್ತದೆ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ನಿಲ್ಲುತ್ತದೆ, ಹಾನಿ ಉಳಿಯುವುದಿಲ್ಲ. ಆದರೆ ಮಿದುಳಿನ ಪೊರೆಗಳ ಉರಿಯೂತವೂ, ಅಂದರೆ ಮೆನಿಂಜೈಟಿಸ್ ಕೂಡ, ಹೀಗೆಯೇ ಆರಂಭವಾಗಬಹುದು. ಅದನ್ನು ಗುರುತಿಸದಿದ್ದರೆ ಮಗು ಸಾಯಬಹುದು, ಬದುಕಿದರೂ ಕಿವುಡಾಗಬಹುದು.

ಇವೆರಡನ್ನೂ ಬೇರ್ಪಡಿಸುವ ದಾರಿ ತೆರೆದದ್ದು 1891ರಲ್ಲಿ. ಜರ್ಮನಿಯ ಕೀಲ್ ನಗರದ ವೈದ್ಯ ಹೈನ್‌ರಿಷ್ ಕ್ವಿಂಕೆ ಸೊಂಟದ ಕಶೇರುಗಳ ನಡುವೆ ಸೂಜಿ ಚುಚ್ಚಿ ದ್ರವ ತೆಗೆದ. ಆತನಿಗೆ ಬೇಕಾಗಿದ್ದುದು ತಲೆಯೊಳಗಿನ ಒತ್ತಡ ಇಳಿಸುವುದು. ರೋಗನಿರ್ಣಯದ ಉಪಯೋಗ ಬೇಗನೆ ತಿಳಿಯಿತು. ದ್ರವದಲ್ಲಿ ಬಿಳಿ ರಕ್ತಕಣಗಳು ಏರಿ ಗ್ಲೂಕೋಸ್ ಇಳಿದಿದ್ದರೆ ಬ್ಯಾಕ್ಟೀರಿಯಾ ಸೋಂಕಿನ ಶಂಕೆ ಬಲವಾಗುತ್ತದೆ. (ಬೆನ್ನುಹುರಿ ಆ ಜಾಗಕ್ಕಿಂತ ಮೇಲೆಯೇ ಮುಗಿದಿರುತ್ತದೆ. ಹೆತ್ತವರಿಗೆ ಇದನ್ನು ನಂಬಿಸುವುದೇ ಕಷ್ಟ.)

ಹಾಗಾದರೆ ಸೆಳವು ಬಂದ ಎಲ್ಲ ಮಕ್ಕಳಿಗೂ ಸೂಜಿ ಬೇಕೇ? ಬಹುಕಾಲ ಅನೇಕ ಆಸ್ಪತ್ರೆಗಳು ಮೊದಲ ಸೆಳವಿಗೆ ಬೇಕೆಂದೇ ತಿಳಿದಿದ್ದವು. 1983ರಲ್ಲಿ ಜಾಫೆ ಮತ್ತು ಸಂಗಡಿಗರು ಅಮೆರಿಕದ ಪತ್ರಿಕೆಯೊಂದರಲ್ಲಿ ಈ ಪ್ರಶ್ನೆಯನ್ನು ಲೆಕ್ಕಕ್ಕೆ ಒಡ್ಡಿದರು. ಸೆಳವು ದೇಹದ ಒಂದೇ ಭಾಗದಲ್ಲಿತ್ತೇ, ಆಸ್ಪತ್ರೆಗೆ ಬಂದಾಗಲೂ ನಡೆದಿತ್ತೇ, ಪರೀಕ್ಷೆಯಲ್ಲಿ ಶಂಕೆಯ ಚಿಹ್ನೆ ಇದೆಯೇ, 48 ಗಂಟೆಯೊಳಗೆ ವೈದ್ಯರ ಬಳಿ ಹೋಗಿದ್ದರೇ ಎಂಬ ವಿವರಗಳಿಂದಲೇ ಹಲವರನ್ನು ಸೂಜಿಯಿಂದ ಬಿಡಬಹುದೆಂದು ತೋರಿಸಿದರು.

ಅದೇ 1983ರಲ್ಲಿ ನಮ್ಮ ಮಂಡ್ಯ ಜಿಲ್ಲೆಯಲ್ಲಿ ಜಪಾನೀಸ್ ಎನ್‌ಸೆಫಲೈಟಿಸ್ ಎಂಬ ಮಿದುಳು ಜ್ವರ ಹರಡಿತ್ತು. ಇದರ ವೈರಸ್ಸನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ನೀರು ನಿಂತ ಭತ್ತದ ಗದ್ದೆಯೇ ತವರು. ಇಲ್ಲಿಯೂ ಮಕ್ಕಳಿಗೆ ಜ್ವರ, ಸೆಳವು. ವ್ಯತ್ಯಾಸವೆಂದರೆ, ಜ್ವರಸೆಳವಿನ ಮಗು ಸ್ವಲ್ಪ ಹೊತ್ತಿನಲ್ಲಿ ಎಚ್ಚೆತ್ತು ಅಮ್ಮನನ್ನು ಗುರುತಿಸುತ್ತದೆ. ಈ ಮಗು ಮಂಕಾಗಿಯೇ ಉಳಿಯುತ್ತದೆ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1996ರಲ್ಲಿ, ಒಂದು ವರ್ಷದೊಳಗಿನ ಮಗುವಿಗೆ ಸರಳ ಜ್ವರಸೆಳವು ಬಂದರೂ ಸೂಜಿಯನ್ನು ಗಂಭೀರವಾಗಿ ಯೋಚಿಸಬೇಕೆಂದಿತು. 2011ರಲ್ಲಿ ಅದನ್ನು ಸಡಿಲಿಸಿತು: ಕುತ್ತಿಗೆ ಬಿಗಿತದಂಥ ಚಿಹ್ನೆಗಳಿದ್ದರೆ ಸೂಜಿ ಬೇಕೇ ಬೇಕು, ಆರರಿಂದ ಹನ್ನೆರಡು ತಿಂಗಳ ಮಗುವಿಗೆ ಹಿಬ್ ಅಥವಾ ನ್ಯೂಮೊಕಾಕಸ್ ಲಸಿಕೆ ಪೂರ್ಣವಾಗದಿದ್ದರೆ, ಅಥವಾ ಯಾವ ವಯಸ್ಸಿನ ಮಗುವಾದರೂ ಆಗಲೇ ಆ್ಯಂಟಿಬಯೋಟಿಕ್ ಕುಡಿದಿದ್ದರೆ, ವೈದ್ಯರ ವಿವೇಚನೆ. ಆ್ಯಂಟಿಬಯೋಟಿಕ್ ಚಿಹ್ನೆಗಳನ್ನು ಮರೆಮಾಡಬಲ್ಲದು.

ಈ ಸಡಿಲಿಕೆ ನಿಂತಿರುವುದು ಲಸಿಕೆಯ ಮೇಲೆ. ಭಾರತದ ಸರ್ಕಾರಿ ಕಾರ್ಯಕ್ರಮಕ್ಕೆ ಹಿಬ್ ಲಸಿಕೆ ಬರತೊಡಗಿದ್ದು 2011ರ ಡಿಸೆಂಬರಿನಲ್ಲಿ, ಅದೂ ಮೊದಲು ಕೇರಳ, ತಮಿಳುನಾಡುಗಳಿಗೆ. ನ್ಯೂಮೊಕಾಕಸ್ ಲಸಿಕೆ 2017ರಿಂದ. ಹೀಗಾಗಿ ಅಮೆರಿಕದ ನಿಯಮವನ್ನು ಅಂದೇ ಇಲ್ಲಿಗೆ ಎತ್ತಿ ತಂದಿದ್ದರೆ ಅಪಾಯವಾಗುತ್ತಿತ್ತು. ಇಂದು ಬಾಬುರಾಯನಕೊಪ್ಪಲಿನಿಂದ ಮಗುವನ್ನು ಎತ್ತಿಕೊಂಡು ಓಡುವ ತಾಯಿ ಲಸಿಕೆಯ ಕಾರ್ಡನ್ನೂ, ಅಂಗಡಿಯಿಂದ ತಂದು ಕುಡಿಸಿದ ಔಷಧದ ಬಾಟಲಿಯನ್ನೂ ಜೊತೆಗೆ ಒಯ್ದರೆ, ವೈದ್ಯರ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಂತೆ.