ಮನೆ ಹುಡುಕುವ ಮುನ್ನ ಮ್ಯಾಪ್ ಓದುವುದು ಹೇಗೆ? ಬೆಂಗಳೂರಿನ ಬಡಾವಣೆಗಳು ಹೇಳುವ ಪಾಠ

"ಮೆಟ್ರೋಗೆ ಐದು ನಿಮಿಷ, ಐಟಿ ಪಾರ್ಕ್‌ಗೆ ಹತ್ತು ನಿಮಿಷ, ಎದುರಿಗೇ ಕೆರೆ." ಬೆಂಗಳೂರಿನಲ್ಲಿ ಮನೆ ಹುಡುಕುವವರು ಇಂಥ ಜಾಹೀರಾತನ್ನು ನೋಡದೆ ಇರಲಾರರು. ನಾವು ಅಡುಗೆಮನೆ ಎಷ್ಟು ದೊಡ್ಡದು, ವಾಸ್ತು ಸರಿಯಿದೆಯೇ, ನೀರು ಬರುತ್ತದೆಯೇ ಎಂದೆಲ್ಲ ವಿಚಾರಿಸುತ್ತೇವೆ. ಆದರೆ ಆ ಮನೆ ಊರಿನ ಯಾವ ಜಾಗದಲ್ಲಿ, ಯಾವ ತಗ್ಗಿನಲ್ಲಿ ಕೂತಿದೆ ಎಂದು ನೋಡುವವರು ಕಡಿಮೆ. ಜೀವಮಾನದ ಉಳಿತಾಯ ಹಾಕುವ ಮೊದಲು ಒಂದು ಸಂಜೆ ಮ್ಯಾಪ್ ಮುಂದೆ ಕೂತರೆ ಇದರಲ್ಲಿ ಬಹಳಷ್ಟು ತಿಳಿಯುತ್ತದೆ. ಅದಕ್ಕೆ ಖರ್ಚೂ ಇಲ್ಲ.

ನಂಬಿಕೆ 1: ಬೆಂಗಳೂರು ಎತ್ತರದಲ್ಲಿದೆ, ಇಲ್ಲಿ ಪ್ರವಾಹ ಬರುವುದಿಲ್ಲ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ ಎಂಬುದು ನಿಜ. ಆದರೆ ನೀರಿಗೆ ಸಮುದ್ರ ಮಟ್ಟದ ಲೆಕ್ಕ ಬೇಕಿಲ್ಲ. ಪಕ್ಕದ ಜಾಗಕ್ಕಿಂತ ನಿಮ್ಮ ಜಾಗ ತಗ್ಗಿನಲ್ಲಿದ್ದರೆ ಸಾಕು, ನೀರು ಅಲ್ಲಿಗೇ ಬರುತ್ತದೆ. ನಗರ ಒಂದು ದಿಬ್ಬದ ಮೇಲಿದೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಕಣಿವೆಯ ಮೂಲಕ ಅರ್ಕಾವತಿಗೂ, ಪೂರ್ವಕ್ಕೆ ಬಿದ್ದ ಮಳೆ ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೂ ಹೋಗುತ್ತದೆ. ಈ ದಾರಿಯುದ್ದಕ್ಕೂ ಹಿಂದಿನವರು ಕೆರೆ ಕಟ್ಟಿ, ಒಂದು ತುಂಬಿದರೆ ಇನ್ನೊಂದಕ್ಕೆ ಹರಿಯುವಂತೆ ರಾಜಕಾಲುವೆ ತೋಡಿದ್ದರು. ಈ ಸರಪಳಿ ಎಲ್ಲೆಲ್ಲಿ ತುಂಡಾಗಿದೆಯೋ ಅಲ್ಲೆಲ್ಲ ನೀರು ನಿಲ್ಲುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಸುತ್ತ ಕೋಟಿ ಬೆಲೆಯ ಮನೆಗಳವರೂ ಟ್ರ್ಯಾಕ್ಟರ್, ದೋಣಿ ಹತ್ತಿ ಹೊರಬಂದದ್ದು ನೆನಪಿರಬಹುದು.

ಇದನ್ನು ಮ್ಯಾಪ್‌ನಲ್ಲಿ ನೋಡುವುದು ಹೀಗೆ. ಗೂಗಲ್ ಮ್ಯಾಪ್‌ನಲ್ಲಿ 'ಟೆರೇನ್' ಆಯ್ಕೆ ಮಾಡಿದರೆ ಏರುತಗ್ಗು ಕಾಣುತ್ತದೆ. ಗೂಗಲ್ ಅರ್ತ್‌ನಲ್ಲಿ ಕರ್ಸರ್ ಇಟ್ಟ ಜಾಗದ ಎತ್ತರವೇ ಬರುತ್ತದೆ. ಮನೆಯಿಂದ ನಾಲ್ಕೂ ದಿಕ್ಕಿಗೆ ಅರ್ಧ ಕಿಲೋಮೀಟರ್ ಎತ್ತರ ನೋಡಿ, ಬಟ್ಟಲಿನ ತಳದಲ್ಲಿದ್ದೀರೋ ಅಂಚಿನಲ್ಲಿದ್ದೀರೋ ಅಂದಾಜು ಮಾಡಿ. ಒಂದು ಎಚ್ಚರ: ಉಪಗ್ರಹ ಆಧಾರಿತ ಈ ಎತ್ತರಗಳಲ್ಲಿ ಕೆಲವು ಮೀಟರ್ ತಪ್ಪಿರಬಹುದು. ಮನೆಯೊಳಗೆ ನೀರು ನುಗ್ಗಲು ಅರ್ಧ ಮೀಟರ್ ಸಾಕು. ಹಾಗಾಗಿ ಇದು ಸುಳಿವು ಮಾತ್ರ. ಬೀದಿಯ ಹಳೆಯ ಅಂಗಡಿಯವರನ್ನು "ಮಳೆ ಬಂದಾಗ ನೀರು ಎಲ್ಲಿವರೆಗೆ ಬರುತ್ತೆ?" ಎಂದು ಕೇಳಲೇಬೇಕು.

ನಂಬಿಕೆ 2: ಈಗ ಕೆರೆ ಕಾಣುತ್ತಿಲ್ಲ ಎಂದರೆ ಕೆರೆ ಇರಲಿಲ್ಲ

ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಇವತ್ತಿನ ಮ್ಯಾಪ್ ಇವತ್ತಿನದನ್ನಷ್ಟೇ ತೋರಿಸುತ್ತದೆ. ಹಳೆಯದು ಬೇಕಿದ್ದರೆ ಗೂಗಲ್ ಅರ್ತ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರ ನೋಡಬಹುದು. ಬಡಾವಣೆ ಏಳುವ ಮೊದಲು ಅಲ್ಲಿ ನೀರಿತ್ತೋ, ಗದ್ದೆಯಿತ್ತೋ, ಕಲ್ಲುಕ್ವಾರಿಯಿತ್ತೋ ತಿಳಿಯುತ್ತದೆ. ಇನ್ನೂ ಹಿಂದಕ್ಕೆ ಹೋಗಲು ಕಂದಾಯ ಇಲಾಖೆಯ ಗ್ರಾಮ ನಕ್ಷೆ ಇದೆ. ಅದರಲ್ಲಿ ಕೆರೆ, ಹಳ್ಳ, ಬಂಡಿದಾರಿ ಎಲ್ಲವೂ ಗುರುತಾಗಿರುತ್ತವೆ.

ಊರಿನ ಹೆಸರೂ ಒಂದು ನಕ್ಷೆಯೇ. ಅರಕೆರೆಯಂಥ ಹೆಸರು ತಾನೇ ಹೇಳುತ್ತದೆ. ಬೊಮ್ಮಸಂದ್ರ, ಸಿಂಗಸಂದ್ರಗಳ 'ಸಂದ್ರ' ದೊಡ್ಡ ಕೆರೆಗೆ ಬಳಸುತ್ತಿದ್ದ 'ಸಮುದ್ರ' ಪದದಿಂದ ಬಂದದ್ದೆನ್ನುತ್ತಾರೆ. ಹೆಸರಿನಲ್ಲಿ ಕೆರೆ ಇದ್ದ ಮಾತ್ರಕ್ಕೆ ಮನೆ ಮುಳುಗುತ್ತದೆ ಎಂದಲ್ಲ. ಕೆರೆ ಎಲ್ಲಿದೆ, ಕೋಡಿ ಯಾವ ಕಡೆಗಿದೆ ಎಂದು ನೋಡಬೇಕು ಎಂದಷ್ಟೇ ಅರ್ಥ.

ಖರೀದಿಸುವವರಿಗೆ 'ದಿಶಾಂಕ್' ಆ್ಯಪ್ ಬಹಳ ಉಪಯುಕ್ತ. ನಿಂತ ಜಾಗದ ಸರ್ವೆ ನಂಬರ್ ಯಾವುದು, ಅದು ಸರ್ಕಾರಿ ಜಮೀನೋ, ಕೆರೆಯೋ, ರಾಜಕಾಲುವೆಯೋ ಎಂದು ಅದು ತೋರಿಸುತ್ತದೆ. ಆದರೆ ಫೋನಿನ ಜಿಪಿಎಸ್ ಕೆಲವು ಮೀಟರ್ ತಪ್ಪಬಲ್ಲದು. ಗಡಿಯ ಹತ್ತಿರ ನಿಂತರೆ ಪಕ್ಕದ ಸರ್ವೆ ನಂಬರ್ ಬರಬಹುದು. ಕೊನೆಯ ಮಾತು ಪರವಾನಗಿ ಪಡೆದ ಭೂಮಾಪಕರದ್ದು ಮತ್ತು ದಾಖಲೆ ನೋಡುವ ವಕೀಲರದ್ದು. ಕೆರೆ ಸುತ್ತಲಿನ ಮೀಸಲು ಜಾಗದ ನಿಯಮವೂ ಬದಲಾಗುತ್ತಿರುತ್ತದೆ. ಹಸಿರು ನ್ಯಾಯಮಂಡಳಿ 2016ರಲ್ಲಿ 75 ಮೀಟರ್ ಎಂದದ್ದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ರದ್ದು ಮಾಡಿತು. ನೀವು ಕೊಳ್ಳುವ ದಿನ ಯಾವ ನಿಯಮವಿದೆ ಎಂದು ಕೇಳಿ ತಿಳಿಯಿರಿ.

ನಂಬಿಕೆ 3: ದೂರ ಕಡಿಮೆಯಾದರೆ ಸಮಯವೂ ಕಡಿಮೆ

ಜಾಹೀರಾತಿನ 'ಹತ್ತು ನಿಮಿಷ' ಹೆಚ್ಚಾಗಿ ಭಾನುವಾರ ಬೆಳಗಿನ ಹತ್ತು ನಿಮಿಷ. ಐದು ಕಿಲೋಮೀಟರ್ ದಾರಿಯಲ್ಲಿ ವಾಹನ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ತೆವಳಿದರೆ ಅರ್ಧ ಗಂಟೆ ಬೇಕು. ಮಧ್ಯೆ ಕೆರೆಯೋ, ರೈಲ್ವೆ ಹಳಿಯೋ, ಸೇನೆಯ ಜಾಗವೋ ಇದ್ದರೆ ನೇರ ಗೆರೆಯ ದೂರಕ್ಕೂ ರಸ್ತೆಯ ದೂರಕ್ಕೂ ಸಂಬಂಧವೇ ಇರುವುದಿಲ್ಲ. ಗೂಗಲ್ ಮ್ಯಾಪ್‌ನಲ್ಲಿ ಹೊರಡುವ ಸಮಯವನ್ನು ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ, ವಾಪಸು ಸಂಜೆ ಆರೂವರೆಗೆ ಇಟ್ಟು ನೋಡಿ. ಅದು ಒಂದು ಅಂಕಿ ಕೊಡದೆ ಇಷ್ಟರಿಂದ ಇಷ್ಟು ಎಂದರೆ ದೊಡ್ಡ ಅಂಕಿಯನ್ನೇ ನಂಬಿ. ಶಾಲೆ, ಆಸ್ಪತ್ರೆ, ಅಪ್ಪ ಅಮ್ಮನ ಮನೆಗೂ ಇದೇ ಲೆಕ್ಕ ಹಾಕಿ. ಮೆಟ್ರೋ ನಿಲ್ದಾಣಕ್ಕೆ 'ನಡಿಗೆ' ಎಂದು ಹಾಕಿದಾಗ ಮ್ಯಾಪ್ ಫುಟ್‌ಪಾತ್ ಇದೆಯೋ ಇಲ್ಲವೋ ಹೇಳುವುದಿಲ್ಲ. ಸ್ಟ್ರೀಟ್ ವ್ಯೂ ಚಿತ್ರದಲ್ಲಿ ಅದು ಕಾಣುತ್ತದೆ. ಚಿತ್ರ ತೆಗೆದ ತಿಂಗಳು, ವರ್ಷವನ್ನೂ ಗಮನಿಸಿ.

ಮ್ಯಾಪ್‌ಗೆ ತಿಳಿಯದ್ದು

ಕೊಳಚೆ ನೀರಿನ ವಾಸನೆ, ರಾತ್ರಿಯ ಲಾರಿ ಸದ್ದು, ಕಸ ಸುಡುವ ಹೊಗೆ, ಟ್ಯಾಂಕರ್ ನೀರಿನ ಖರ್ಚು ಇವು ಯಾವ ಮ್ಯಾಪ್‌ನಲ್ಲೂ ಇಲ್ಲ. ಸುಳಿವು ಮಾತ್ರ ಸಿಗುತ್ತದೆ: ಹತ್ತಿರ ಹೆದ್ದಾರಿ, ಕಾರ್ಖಾನೆ, ತ್ಯಾಜ್ಯ ಘಟಕ, ತೆರೆದ ಕಾಲುವೆ ಇದೆಯೇ ಎಂದು ಉಪಗ್ರಹ ಚಿತ್ರದಲ್ಲಿ ನೋಡಿ. ಪಕ್ಕದ ಖಾಲಿ ಜಾಗ ಮುಂದೆ ಏನಾಗಬಹುದು ಎಂಬುದಕ್ಕೆ ಬಿಡಿಎ ಮಾಸ್ಟರ್ ಪ್ಲಾನ್‌ನ ಭೂಬಳಕೆ ನಕ್ಷೆ ನೋಡಿ. ಇಂದಿನ ತೋಪು ಅದರಲ್ಲಿ ರಸ್ತೆಯಾಗಿರಬಹುದು.

ಹೀಗೆ ಹತ್ತು ಮನೆಗಳ ಪಟ್ಟಿಯನ್ನು ಮ್ಯಾಪ್ ಮೂರಕ್ಕೆ ಇಳಿಸಿಕೊಡುತ್ತದೆ. ಆ ಮೂರನ್ನು ಕಾಲ್ನಡಿಗೆಯಲ್ಲೇ ನೋಡಬೇಕು: ಒಮ್ಮೆ ಕೆಲಸದ ದಿನ ಬೆಳಿಗ್ಗೆ, ಒಮ್ಮೆ ರಾತ್ರಿ ಹತ್ತಕ್ಕೆ, ಸಾಧ್ಯವಾದರೆ ಒಮ್ಮೆ ಜೋರು ಮಳೆ ಬಂದ ಮರುದಿನ. ಗೋಡೆಯ ಮೇಲೆ ನೀರು ನಿಂತ ಕಲೆ ಇದ್ದರೆ ಅದನ್ನೂ ನಕ್ಷೆಯಂತೆಯೇ ಓದಿ.