ಕ್ಯಾಶ್: ಹಗೇವೋ, ಒಗ್ಗರಣೆ ಡಬ್ಬಿಯೋ?



ಕಳೆದ ತಿಂಗಳು ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಮಾಟುಂಗಾದಿಂದ ಒಬ್ಬ ಹಿರಿಯರು ಕರೆ ಮಾಡಿದ್ದರು. ತವರು ತುಮಕೂರಿನ ಕಡೆ. ಯಾವ ಹಾಡು ಬೇಕು ಅಂತ ಹೇಳುವ ಮೊದಲೇ ಅವರದೊಂದು ಪ್ರಶ್ನೆ. "ಅಲ್ಲಪ್ಪಾ, ಫೋನಲ್ಲಿ ಕ್ಯಾಶ್ ತುಂಬ್ಕೊಂಡಿದೆ, ಖಾಲಿ ಮಾಡಜ್ಜಿ ಅಂತಾನೆ ಮೊಮ್ಮಗ. ನಾನು ಅದರಲ್ಲಿ ದುಡ್ಡೇ ಇಟ್ಟಿಲ್ವಲ್ಲ! ಖಾಲಿ ಮಾಡಿದ್ರೆ ಅವನ ಫೋಟೋಗಳೂ ಹೋಗ್ಬಿಡ್ತವಾ?"

ಸ್ಟುಡಿಯೋದಲ್ಲಿ ಎಲ್ಲರೂ ನಕ್ಕೆವು. ಆದರೆ ಥಟ್ಟನೆ ಉತ್ತರ ಹೇಳಲು ನನಗೂ ಬರಲಿಲ್ಲ. ಕನ್ನಡ ಬಿ.ಎ. ಓದಿದವನಿಗೆ ಪದದ ಬೆನ್ನು ಹತ್ತುವ ಚಟ ಇದ್ದದ್ದೇ. ಹತ್ತಿದೆ.

ಇದು ದುಡ್ಡಿನ ಕ್ಯಾಶ್ ಅಲ್ಲ. ಫ್ರೆಂಚ್ ಭಾಷೆಯ 'ಕಾಶೇ', ಅಂದರೆ ಬಚ್ಚಿಡು ಎಂಬ ಕ್ರಿಯಾಪದದಿಂದ ಬಂದ ಮಾತು. ಉತ್ತರ ಅಮೆರಿಕದ ಕಾಡುಗಳಲ್ಲಿ ತುಪ್ಪಳಕ್ಕಾಗಿ ಪ್ರಾಣಿ ಹಿಡಿಯುತ್ತಿದ್ದ ಫ್ರೆಂಚ್ ಬೇಟೆಗಾರರು, ಹೊರಲಾರದ ಸಾಮಾನನ್ನು ದಾರಿಯಲ್ಲೇ ನೆಲದಲ್ಲಿ ಹುಗಿದಿಟ್ಟು ಮುಂದೆ ಹೋಗುತ್ತಿದ್ದರು. ಆ ಗುಂಡಿಗೆ ಇಟ್ಟ ಹೆಸರೇ ಕ್ಯಾಶ್.

ಇಂಥ ಗುಂಡಿಯ ಒಳ್ಳೆಯ ವರ್ಣನೆ ಸಿಗುವುದು ಮೆರಿವೆದರ್ ಲೂಯಿಸ್‌ನ ದಿನಚರಿಯಲ್ಲಿ. ಲೂಯಿಸ್ ಮತ್ತು ಕ್ಲಾರ್ಕ್ ತಂಡ 1805ರಲ್ಲಿ ಮಿಸೌರಿ ನದಿಯ ಗುಂಟ ಪಶ್ಚಿಮಕ್ಕೆ ಹೊರಟಿತ್ತು. ಜೂನ್ ತಿಂಗಳಲ್ಲಿ ಸಾಮಾನು ಹಗುರ ಮಾಡಿಕೊಳ್ಳಬೇಕಾಯಿತು. ತಂಡದಲ್ಲಿದ್ದ ದೋಣಿಗಾರ ಪಿಯೆರ್ ಕ್ರುಜಾಟ್ ಈ ಕೆಲಸ ಬಲ್ಲವನು. ಮೊದಲು ಹುಲ್ಲಿನ ಸಮೇತ ಮೇಲ್ಮಣ್ಣನ್ನು ದುಂಡಗೆ ಎತ್ತಿಡುವುದು. ಬಾಯಿ ಸಣ್ಣದು, ಒಳಗೆ ಹೋಗುತ್ತಾ ಹೊಟ್ಟೆ ಅಗಲ. ತಳಕ್ಕೂ ಗೋಡೆಗೂ ಒಣ ಕಡ್ಡಿ, ಒಣ ಹುಲ್ಲು. ತೋಡಿದ ಮಣ್ಣನ್ನೆಲ್ಲ ನದಿಗೆ ಸುರಿಯುವುದು. ಇಲ್ಲಿ ಅಗೆದಿದ್ದಾರೆ ಎಂಬ ಗುಟ್ಟು ಯಾರಿಗೂ ಗೊತ್ತಾಗಬಾರದಲ್ಲ! ತಮಾಷೆಯೆಂದರೆ, ಕಾಗುಣಿತ ಸರಿಯಿಲ್ಲದ ಲೂಯಿಸ್ ತನ್ನ ದಿನಚರಿಯಲ್ಲಿ ಈ ಪದವನ್ನು ದುಡ್ಡಿನ 'ಕ್ಯಾಶ್' ಎಂದೇ ಬರೆದಿದ್ದಾನೆ. ನಮ್ಮ ಅಜ್ಜಿಯ ಗೊಂದಲಕ್ಕೆ ಇನ್ನೂರು ವರ್ಷ ಹಿಂದಿನ ಜೊತೆಗಾರ!

1806ರ ಜುಲೈನಲ್ಲಿ ಮರಳಿ ಬಂದು, ಜಲಪಾತದ ಮೇಲ್ಭಾಗದಲ್ಲಿ ಹುಗಿದಿಟ್ಟಿದ್ದ ಗುಂಡಿ ತೆಗೆದರೆ, ನದಿಯ ನೀರು ಒಳಗೆ ನುಗ್ಗಿತ್ತು. ಕರಡಿ ಚರ್ಮ ಹಾಳು. ದಾರಿಯುದ್ದಕ್ಕೂ ಕೂಡಿಸಿಟ್ಟ ಸಸ್ಯಗಳ ಮಾದರಿಗಳೆಲ್ಲ ನಾಶ. ಮಿಸೌರಿಯ ನಕ್ಷೆಯೊಂದು ಹೇಗೋ ಉಳಿದಿತ್ತು.

ಸಣ್ಣ ಬಾಯಿ, ದೊಡ್ಡ ಹೊಟ್ಟೆ, ಸುತ್ತ ಹುಲ್ಲು... ಓದುತ್ತಿದ್ದಂತೆ ನಿಮಗೂ ನೆನಪಾಗಿರಬೇಕು, ನಮ್ಮ ಹಗೇವು! ರಾಗಿಯನ್ನು ವರ್ಷಗಟ್ಟಲೆ ಕಾಪಾಡುತ್ತಿದ್ದ ನೆಲದೊಳಗಿನ ಕಣಜ. ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಹಾಕಿದರೆ ಕಳ್ಳನಿಗೂ ಕಾಣದು. ತೆಗೆದ ಕೂಡಲೇ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿಗೆ ಜೀವ ಹೋದೀತು. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ.

ಕಂಪ್ಯೂಟರಿಗೆ ಈ ಪದ ಬಂದದ್ದು 1960ರ ದಶಕದಲ್ಲಿ. ಲೆಕ್ಕ ಮಾಡುವ ಭಾಗ ಬಲು ಚುರುಕು, ಮುಖ್ಯ ಸ್ಮೃತಿಕೋಶ ನಿಧಾನ. ಪದೇ ಪದೇ ಬೇಕಾಗುವುದರ ಪ್ರತಿಯನ್ನು ಹತ್ತಿರದ ಸಣ್ಣ, ವೇಗದ ಜಾಗದಲ್ಲಿ ಇಟ್ಟರೆ ಹೇಗೆ? ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲಿ ಈ ಬಗ್ಗೆ ಬರೆದಾಗ ಅದನ್ನು 'ಸ್ಲೇವ್ ಮೆಮೊರಿ' ಎಂದು ಕರೆದರು. 1968ರಲ್ಲಿ ಐ.ಬಿ.ಎಂ. ತನ್ನ ಸಿಸ್ಟಂ/360 ಮಾಡೆಲ್ 85 ಯಂತ್ರದಲ್ಲಿ ಅಂಥದ್ದನ್ನು ಅಳವಡಿಸಿತು. ಅದನ್ನು ರೂಪಿಸಿದವರು 'ಹೈ-ಸ್ಪೀಡ್ ಬಫರ್' ಎಂದು ಬರೆದು ಕಳಿಸಿದರೆ, ಕಂಪನಿಯ ಪತ್ರಿಕೆಯ ಸಂಪಾದಕ ಲೈಲ್ ಜಾನ್ಸನ್ ಅವರಿಗೆ ಅದು ಸಪ್ಪೆಯೆನಿಸಿತು. ಅವರು ಸೂಚಿಸಿದ ಪದವೇ ಕ್ಯಾಶ್. ಪ್ರೋಗ್ರಾಂ ಬರೆಯುವವನ ಕಣ್ಣಿಗೆ ಬೀಳದೆ ಮರೆಯಲ್ಲಿ ಕೆಲಸ ಮಾಡುವುದರಿಂದ ಹೆಸರು ಒಪ್ಪಿತು. ಅದರ ಗಾತ್ರ 16ರಿಂದ 32 ಕಿಲೋಬೈಟ್. ನಮ್ಮ ಫೋನು ತೆಗೆಯುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸದು.

ಆದರೆ ಕೇಳುಗರೇ, ಪದ ಅದೇ ಉಳಿದರೂ ಅರ್ಥ ತಲೆಕೆಳಗಾಯಿತು. ಲೂಯಿಸ್‌ನ ಗುಂಡಿಯಲ್ಲಿ ಇದ್ದದ್ದು ಅಸಲು ಸಾಮಾನು. ನೀರು ನುಗ್ಗಿದರೆ ಹೋಯಿತು, ಮತ್ತೆ ಸಿಗದು. ಫೋನಿನ ಕ್ಯಾಶ್‌ನಲ್ಲಿ ಇರುವುದು ಬರೀ ನಕಲು. ಅಳಿಸಿದರೆ ಅಸಲಿಗೆ ಏನೂ ಆಗದು. ಮುಂದಿನ ಸಲ ಆ ಆ್ಯಪ್ ತೆರೆಯಲು ಕೊಂಚ ತಡವಾದೀತು, ಅಷ್ಟೆ. ಆದರೆ ಒಂದು ಎಚ್ಚರ. ಕೆಲವು ಫೋನುಗಳಲ್ಲಿ 'ಕ್ಲಿಯರ್ ಕ್ಯಾಶ್' ಪಕ್ಕದಲ್ಲೇ 'ಕ್ಲಿಯರ್ ಡೇಟಾ' ಅಥವಾ 'ಕ್ಲಿಯರ್ ಸ್ಟೋರೇಜ್' ಅಂತ ಇನ್ನೊಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಆ ಆ್ಯಪ್‌ನಲ್ಲಿ ನೀವು ಉಳಿಸಿಕೊಂಡದ್ದೇ ಹೋದೀತು. ಅದು ಹಗೇವಿಗೆ ನೀರು ನುಗ್ಗಿದ ಹಾಗೆ!

ಇದನ್ನೆಲ್ಲ ಅಜ್ಜಿಗೆ ಫೋನ್ ಮಾಡಿ ಹೇಳಿದೆ. ಹಗೇವಿನ ಹೆಸರು ಕೇಳಿ ಅವರಿಗೆ ತವರೇ ಕಣ್ಣಮುಂದೆ ಬಂತು. ಒಂದು ಕ್ಷಣ ಸುಮ್ಮನಿದ್ದು ಅಂದರು: "ಹಾಗಾದ್ರೆ ಇದು ಹಗೇವು ಅಲ್ಲಪ್ಪಾ. ಒಲೆ ಪಕ್ಕದ ಒಗ್ಗರಣೆ ಡಬ್ಬಿ! ಸಾಸಿವೆ ಮೂಟೆ ಅಟ್ಟದ ಮೇಲಿರುತ್ತೆ, ಕೈಗೆ ಬೇಕಾದಷ್ಟು ಡಬ್ಬೀಲಿ. ಡಬ್ಬಿ ಖಾಲಿಯಾದ್ರೆ ಮತ್ತೆ ತುಂಬ್ಕೊಂಡ್ರಾಯ್ತು."

ಐ.ಬಿ.ಎಂ. ಸಂಪಾದಕರಿಗೂ ಹೊಳೆಯದ ಪದ ನಮ್ಮ ಮಾಟುಂಗಾದ ಅಡುಗೆಮನೆಯಲ್ಲಿ ಸಿಕ್ಕಿತು. ನಿಮ್ಮ ಮನೆಯಲ್ಲಿ ಇನ್ನೂ ಒಳ್ಳೆಯ ಪದ ಇದ್ದರೆ ಬರೆದು ತಿಳಿಸಿ. ಅಲ್ಲಿಯವರೆಗೆ, ಕೇಳುತ್ತಿರಿ.