ಸುಧಾರಿಸ್ಕೋ

ಗಂಡ ಕೈ ಮಾಡಿದನೆಂದು ತವರಿಗೆ ಬಂದ ಮಗಳಿಗೆ ತಾಯಿ ಹೇಳುವ ಮಾತು: 'ಸ್ವಲ್ಪ ಸುಧಾರಿಸ್ಕೊಂಡು ಹೋಗಮ್ಮ.' ಟೈಫಾಯ್ಡ್ ಬಿಟ್ಟವಳಿಗೆ ಡಾಕ್ಟರು ಹೇಳುವುದು: 'ಸುಧಾರಿಸ್ಕೊಳ್ಳೋಕೆ ಒಂದು ತಿಂಗಳಾದರೂ ಬೇಕು.' ಪದ ಒಂದೇ. ಅಲ್ಲಿ ನೋವನ್ನು ನುಂಗಬೇಕು, ಇಲ್ಲಿ ನೋವಿನಿಂದ ಏಳಬೇಕು.

ಆ 'ಕೊಳ್ಳು' ಎಂಬ ಬಾಲವನ್ನು ಗಮನಿಸಿ. ಅದು ಹೆಂಡತಿಗೆ ಮಾತ್ರ. ಗಂಡನ ವಿಷಯ ಬಂದಾಗ 'ಒಂದು ಮಗು ಆದ್ರೆ ಸುಧಾರಿಸ್ತಾನೆ ಬಿಡು' ಅನ್ನುತ್ತಾರೆ. ಮಾವಿನಕಾಯಿ ತಾನಾಗಿ ಹಣ್ಣಾಗುವ ಹಾಗೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ. 44ರಷ್ಟು ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಎಷ್ಟು ಮನೆಗಳಲ್ಲಿ ಈ ಪದ ದುಡಿದಿರಬೇಕು!

ಬಿಟ್ಟು ಬಂದ ಮೇಲೂ ಅದು ಬೆನ್ನು ಬಿಡುವುದಿಲ್ಲ. ನನ್ನ ಗೆಳತಿಯೊಬ್ಬಳು ಹೊರಗೆ ಬಂದು ಎರಡು ವರ್ಷ. ಬಾಡಿಗೆ ಮನೆ, ಕೆಲಸ, ಬೀಗದ ಕೈ ಎಲ್ಲ ಅವಳದೇ. ಆದರೂ ರಾತ್ರಿ ಬೀದಿಯಲ್ಲಿ ಬೈಕು ನಿಂತ ಸದ್ದಾದರೆ ಸೌಟು ಹಿಡಿದ ಕೈ ಅಲ್ಲೇ ನಿಲ್ಲುತ್ತದೆ. ತಾನೊಬ್ಬಳೇ ಉಣ್ಣುವ ಸಾರಿನ ಉಪ್ಪನ್ನು ನಾಲ್ಕು ಸಲ ನೋಡುತ್ತಾಳೆ. 'ಇನ್ನೂ ಸುಧಾರಿಸ್ಕೊಂಡಿಲ್ವಾ?' ಎಂದು ಅತ್ತಿಗೆ ಕೇಳಿದರಂತೆ. ವರ್ಷಗಟ್ಟಲೆ ಎಚ್ಚರವಿರಲು ಕಲಿತ ಮೈ, ಅಪಾಯ ಕಳೆಯಿತೆಂಬ ಸುದ್ದಿಯನ್ನು ಬೇಗ ನಂಬುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಪಟ್ಟಿಯಲ್ಲಿ ದೀರ್ಘಕಾಲದ ಆಘಾತದ ನಂತರದ ಈ ಸ್ಥಿತಿಗೆ ಬೇರೆಯದೇ ಹೆಸರಿದೆ. ಬಹುಕಾಲದ ಕೌಟುಂಬಿಕ ಹಿಂಸೆಯೂ ಅದಕ್ಕೆ ಕಾರಣವಾಗಬಹುದೆಂದು ಅಲ್ಲೇ ಬರೆದಿದೆ. ಬೆಚ್ಚುವುದಷ್ಟೇ ಅಲ್ಲ, ನಾಚಿಕೆ, ತಪ್ಪು ನನ್ನದೇ ಎಂಬ ಕೊರಗು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಾಗದಿರುವುದೂ ಅದರ ಲಕ್ಷಣಗಳು.

ಈ ಪದಕ್ಕೆ ಇನ್ನೊಂದು ಮುಖವಿದೆ, ನನಗೆ ಅದೇ ಇಷ್ಟ. ಬಿಸಿಲಲ್ಲಿ ದೂರದಿಂದ ಬಂದವರಿಗೆ ನೀರು-ಬೆಲ್ಲ ಕೊಟ್ಟು 'ಕೂತು ಸುಧಾರಿಸ್ಕೊಳ್ಳಿ, ಮಾತು ಆಮೇಲೆ' ಅನ್ನುತ್ತೇವಲ್ಲ, ಅದು. ಗೆಳತಿ ಬ್ಯಾಗು ಹಿಡಿದು ತವರಿನ ಬಸ್ಸಿಳಿದ ದಿನ ಆ ಮಾತು ಬರಲಿಲ್ಲ. 'ಅವರಿಗೆ ಹೇಳಿ ಬಂದೆಯಾ?' ಎಂಬುದೇ ಮೊದಲ ಪ್ರಶ್ನೆ.

ಮೊನ್ನೆ ಅವಳು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿದಳಂತೆ. ಏನೆಂದು ಶುರು ಮಾಡಿದೆ ಎಂದು ಕೇಳಿದೆ.

'ಸುಧಾರಿಸ್ಕೊಳ್ಳೋಕೆ ಆಗ್ತಿಲ್ಲ ಅಂದೆ ಕಣೇ. ಯಾವ ಅರ್ಥದಲ್ಲಿ ಅಂದ್ನೋ, ನಂಗೇ ಗೊತ್ತಿರ್ಲಿಲ್ಲ.'